ತಾಲ್ಲೂಕು ಶವಾಗಾರದ ವೈದ್ಯರಿಗೆ ಯಾವ ಪುಸ್ತಕ, ಯಾವ ಅಧ್ಯಾಯ

ಚಿಂತಾಮಣಿ, ಬಾಗೇಪಲ್ಲಿ, ಮುಳಬಾಗಿಲು, ಶ್ರೀನಿವಾಸಪುರದಂಥ ಕಡೆ ಪಿ.ಎಂ. (ಶವಪರೀಕ್ಷೆ) ಮಾಡುವವರಲ್ಲಿ ಫೊರೆನ್ಸಿಕ್ ಮೆಡಿಸಿನ್ (ನ್ಯಾಯವೈದ್ಯಶಾಸ್ತ್ರ) ಎಂ.ಡಿ. ಮಾಡಿದವರು ಅಪರೂಪ. ಆ ದಿನ ಡ್ಯೂಟಿ ಯಾರದೋ ಅವರೇ ಓಪಿಡಿ ಮುಗಿಸಿ ಶವಾಗಾರಕ್ಕೆ ನಡೆಯುತ್ತಾರೆ. ಕಾಲೇಜಿನಲ್ಲಿ ಈ ವಿಷಯ ಓದಿದ್ದು ಪರೀಕ್ಷೆ ಪಾಸಾಗಲು. ಹಾಗಾಗಿ ನಾನು ಪುಸ್ತಕವನ್ನು ಮೊದಲ ಪುಟದಿಂದ ಓದುವ ಅಭ್ಯಾಸ ಬಿಟ್ಟು, ಮೇಜಿನ ಮೇಲೆ ಎಲ್ಲಿ ತಪ್ಪಾಗುತ್ತದೋ, ಸಾಕ್ಷಿ ಹೇಳುವಾಗ ಎಲ್ಲಿ ಸಿಕ್ಕಿಬೀಳುತ್ತೇವೋ ಆ ಕ್ರಮದಲ್ಲಿ ಓದನ್ನು ಜೋಡಿಸಿಕೊಂಡೆ. ಸಾವಿನ ನಂತರದ ಬದಲಾವಣೆಗಳು ಮೊದಲು, ವಿಷ ಆಮೇಲೆ, ಕಾನೂನು ಕೊನೆಗೆ.

ಕೈಗೆ ಮೊದಲು ಸಿಗಬೇಕಾದ್ದು ಕೆ.ಎಸ್. ನಾರಾಯಣ ರೆಡ್ಡಿಯವರ 'ಎಸೆನ್ಷಿಯಲ್ಸ್ ಆಫ್ ಫೊರೆನ್ಸಿಕ್ ಮೆಡಿಸಿನ್ ಅಂಡ್ ಟಾಕ್ಸಿಕಾಲಜಿ'. ಎಲ್ಲರ ಮನೆಯಲ್ಲೂ ಹಳೆಯ ಪ್ರತಿ ಇರುತ್ತದೆ. ಅಂಕಿಅಂಶ, ಪ್ರಮಾಣ, ಭಾರತದ ಹವೆಗೆ ಹೊಂದುವ ಅವಧಿಗಳು ಇದರಲ್ಲಿ ಬೇಗ ಸಿಗುತ್ತವೆ. ಕೊರತೆ ಏನೆಂದರೆ ಇದು ಪರೀಕ್ಷೆಗೆ ಬರೆದ ಪುಸ್ತಕ. 'ಹೀಗಿರುತ್ತದೆ' ಎನ್ನುತ್ತದೆ, 'ಹೀಗಿಲ್ಲದಿದ್ದರೆ ಏನು' ಎಂಬಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ ಬರ್ನಾರ್ಡ್ ನೈಟ್ 1991ರಲ್ಲಿ ಮೊದಲು ಪ್ರಕಟಿಸಿದ, ಈಗ ಪೆಕ್ಕಾ ಸೌಕ್ಕೊ ಜೊತೆಗೂಡಿ ಬಂದಿರುವ 'ಫೊರೆನ್ಸಿಕ್ ಪೆಥಾಲಜಿ' ಬೇಕು. ಅದರಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ಖಚಿತವಾಗಿ ಹೇಳಬಾರದ ಮಾತುಗಳು. ಬೆಲೆ ಜಾಸ್ತಿ, ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ ಮೂರೂ ಕಡೆ ವೈದ್ಯಕೀಯ ಕಾಲೇಜುಗಳಿವೆ, ಅಲ್ಲಿನ ಗ್ರಂಥಾಲಯದಲ್ಲಿ ಕೂತು ಬೇಕಾದ ಅಧ್ಯಾಯದ ಟಿಪ್ಪಣಿ ಮಾಡಿಕೊಂಡರೂ ಸಾಕು.

ಸಾವಿನ ಸಮಯದ ಅಧ್ಯಾಯವನ್ನು ಎರಡರಲ್ಲೂ ಪಕ್ಕಪಕ್ಕ ಇಟ್ಟು ಓದಬೇಕು. ದೇಹ ತಣ್ಣಗಾಗುವ ಲೆಕ್ಕ ಹುಟ್ಟಿದ್ದು ಚಳಿ ದೇಶಗಳಲ್ಲಿ. ಹೆನ್ಸ್‌ಗೆ ನೋಮೋಗ್ರಾಂ, ಅಂದರೆ ದೇಹದ ಉಷ್ಣತೆಯಿಂದ ಸಾವಿನ ಸಮಯ ಅಂದಾಜಿಸುವ ಪಟ, ಗುದದ್ವಾರದ ಉಷ್ಣತೆ, ಸುತ್ತಲಿನ ಉಷ್ಣತೆ, ದೇಹದ ತೂಕ ಮೂರನ್ನೂ ಕೇಳುತ್ತದೆ. ಸುತ್ತಲಿನ ಉಷ್ಣತೆ 23 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದಕ್ಕೆ ಬೇರೆಯೇ ಪಟ. ಎಲ್ಲ ಸರಿಯಿದ್ದಾಗಲೂ ಆಚೀಚೆ 2.8 ಗಂಟೆ ವ್ಯತ್ಯಾಸ ಬರಬಹುದು. ಏಪ್ರಿಲ್ ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ ಬಿದ್ದ ದೇಹ ತಣ್ಣಗಾಗುವುದೇ ಇಲ್ಲ, ಅಲ್ಲಿ ಈ ಲೆಕ್ಕ ಹಿಡಿದು ಕೂರಬಾರದು. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು. 0ಯಿಂದ 50 ಡಿಗ್ರಿವರೆಗಿನ ಪ್ರಯೋಗಾಲಯದ್ದು ಬೇಕು, 8ರಿಂದ 10 ಸೆಂ.ಮೀ. ಒಳಗೆ ಹೋಗಬೇಕು. ಸೆಟೆತ, ಅಂದರೆ ಸಾವಿನ ನಂತರ ಸ್ನಾಯು ಬಿಗಿಯುವುದು, ನಮ್ಮಲ್ಲಿ ಬೇಸಿಗೆಯಲ್ಲಿ 18ರಿಂದ 36 ಗಂಟೆ, ಚಳಿಗಾಲದಲ್ಲಿ 24ರಿಂದ 48 ಗಂಟೆ ಇರುತ್ತದೆ. ಹೊಟ್ಟೆಯ ಬಲಗಡೆ ಕೆಳಭಾಗದ ಹಸಿರು ಬಣ್ಣ ಬೇಸಿಗೆಯಲ್ಲಿ 12ರಿಂದ 18 ಗಂಟೆಗೆ, ಚಳಿಯಲ್ಲಿ ಒಂದೆರಡು ದಿನಕ್ಕೆ ಕಾಣಿಸುತ್ತದೆ.

ಈಗ ಇದಕ್ಕೊಂದು ಹೊಸ ತೊಡಕು ಸೇರಿದೆ: ಬಾಡಿಗೆಯ ಫ್ರೀಜರ್ ಬಾಕ್ಸ್. ಊರಿನಲ್ಲಿ ಸಾವಾದ ತಕ್ಷಣ ಬಾಕ್ಸಿಗೆ ಹಾಕಿ, ಯಾರೋ ಅನುಮಾನ ಎತ್ತಿದ ಮೇಲೆ ದೂರು ಕೊಡುತ್ತಾರೆ. ಥಂಡಿಗೆ ಗಟ್ಟಿಯಾದದ್ದನ್ನು ಸೆಟೆತ ಎಂದು ಬರೆದರೆ ಸಮಯವೆಲ್ಲ ತಲೆಕೆಳಗು. ಥಂಡಿಗೆ ರಕ್ತಕಲೆ (ಸಾವಿನ ನಂತರ ರಕ್ತ ಕೆಳಗಿಳಿದು ಚರ್ಮದಲ್ಲಿ ಮೂಡುವ ಬಣ್ಣ) ಗುಲಾಬಿಗೆ ತಿರುಗುತ್ತದೆ. ಅದನ್ನು ಕಾರ್ಬನ್ ಮಾನಾಕ್ಸೈಡ್ ವಿಷದ ಗುರುತು ಎಂದುಕೊಳ್ಳುವ ಅಪಾಯವಿದೆ. ಬಾಕ್ಸಿನಲ್ಲಿ ಎಷ್ಟು ಹೊತ್ತಿತ್ತು ಎಂಬುದನ್ನು ಪಂಚನಾಮೆಯಲ್ಲಿ ಹುಡುಕುತ್ತೇನೆ, ಇಲ್ಲದಿದ್ದರೆ ತನಿಖಾಧಿಕಾರಿಯಿಂದ ಬರೆಸಿ ತರಿಸುತ್ತೇನೆ.

ಆರ್ಟಿಫ್ಯಾಕ್ಟ್, ಅಂದರೆ ಸಾವಿನ ನಂತರ ಆದ, ಗಾಯದಂತೆ ಕಾಣುವ ಗುರುತುಗಳ ಅಧ್ಯಾಯ ಚಿಕ್ಕದು. ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟವರೇ ಹೆಚ್ಚು. ನನ್ನ ಮಟ್ಟಿಗೆ ಮೊದಲು ಓದಬೇಕಾದ್ದೇ ಅದು. ತೋಟದಲ್ಲಿ ಬಿದ್ದ ಶವಕ್ಕೆ ಇರುವೆ ಮುತ್ತಿದರೆ ಕಣ್ಣಿನ ರೆಪ್ಪೆ, ತುಟಿ, ಕಂಕುಳು, ತೊಡೆಸಂದಿಯಲ್ಲಿ ಕಂದು ತರಚಿದ ಗಾಯದಂಥ ಗುರುತು ಬೀಳುತ್ತದೆ. ಕುತ್ತಿಗೆಯ ಸುತ್ತ ಬಿದ್ದರೆ ಹಗ್ಗದ ಗುರುತೆಂದೇ ಅನಿಸುತ್ತದೆ. ಲೆನ್ಸ್ ಹಿಡಿದು ನೋಡಿದರೆ ಅಂಚು ಕಚ್ಚಿದ ಹಾಗಿರುತ್ತದೆ, ಅಡಿಯಲ್ಲಿ ರಕ್ತ ಇಳಿದಿರುವುದಿಲ್ಲ. ಕಂದಿದ್ದು ಪೆಟ್ಟೋ ರಕ್ತಕಲೆಯೋ ಎಂಬ ಅನುಮಾನಕ್ಕೆ ಒಂದೇ ಉತ್ತರ, ಚರ್ಮ ಕೊಯ್ದು ನೋಡುವುದು: ಪೆಟ್ಟಾದರೆ ರಕ್ತ ಅಂಗಾಂಶದಲ್ಲಿ ಹೀರಿಕೊಂಡಿರುತ್ತದೆ, ನೀರು ಹಾಕಿದರೆ ಹೋಗದು, ರಕ್ತಕಲೆಯಾದರೆ ನಾಳದಿಂದ ಹರಿದು ತೊಳೆದುಹೋಗುತ್ತದೆ. ಸಿಪಿಆರ್ (ಎದೆ ಒತ್ತುವ ತುರ್ತು ಚಿಕಿತ್ಸೆ) ಮಾಡಿಸಿಕೊಂಡವರಲ್ಲಿ ಎದೆಯ ಮುಂಭಾಗದ ಪಕ್ಕೆಲುಬು ಮುರಿದಿರುವುದು ಸಾಮಾನ್ಯ. ಆಂಬ್ಯುಲೆನ್ಸ್‌ನವರ ದಾಖಲೆ ನೋಡದೆ ಅದನ್ನು ಹಲ್ಲೆ ಅನ್ನುವಂತಿಲ್ಲ.

ಕುತ್ತಿಗೆಯ ವಿಚಾರ. ನೇಣಿನ ಕೇಸು ನಮ್ಮಲ್ಲಿ ಅತಿ ಹೆಚ್ಚು, ಅವಸರವೂ ಅದರಲ್ಲೇ ಹೆಚ್ಚು. ಕ್ರಮ ತಪ್ಪಿಸಬಾರದು: ಮೊದಲು ತಲೆಬುರುಡೆ ತೆರೆದು ಮೆದುಳು ತೆಗೆಯಬೇಕು, ಆಮೇಲೆ ಎದೆಯ ಅಂಗಾಂಗ. ರಕ್ತ ಬಸಿದ ನಂತರವೇ ಕುತ್ತಿಗೆಯನ್ನು ಪದರಪದರವಾಗಿ ಬಿಡಿಸಬೇಕು. ಮೊದಲೇ ಕುತ್ತಿಗೆಗೆ ಕೈ ಹಾಕಿದರೆ ತುಂಬಿಕೊಂಡ ಅಭಿಧಮನಿಗಳಿಂದ ಅನ್ನನಾಳದ ಹಿಂದೆ, ಕಶೇರುಕಗಳ ಮುಂದೆ ರಕ್ತ ಸೋರಿ ಕತ್ತು ಹಿಸುಕಿದಂತೆ ಕಾಣುತ್ತದೆ. ಇದಕ್ಕೆ ಪ್ರಿನ್ಸ್‌ಲೂ-ಗಾರ್ಡನ್ ರಕ್ತಸ್ರಾವ ಎಂಬ ಹೆಸರೇ ಇದೆ. ಇನ್ನೊಂದು, ನಾಲಿಗೆಯ ಬುಡದ ಹೈಯಾಯ್ಡ್ ಮೂಳೆ. ಕಿರಿಯರಲ್ಲಿ ಅದರ ಕೊಂಬು ನಡುಭಾಗಕ್ಕೆ ಇನ್ನೂ ಬೆಸೆದಿರುವುದಿಲ್ಲ, ಬೆರಳಿಗೆ ಅಲುಗಾಡುತ್ತದೆ. ಅದು ಮುರಿತವಲ್ಲ. ಥೈರಾಯ್ಡ್ ಮೃದ್ವಸ್ಥಿಯ ಮೇಲ್ಕೊಂಬಿನ ಹತ್ತಿರವಿರುವ ಟ್ರಿಟಿಶಿಯಸ್ ಎಂಬ ಗೋಧಿಕಾಳಿನಷ್ಟು ಮೃದ್ವಸ್ಥಿಯನ್ನೂ ಮುರಿದ ತುಂಡೆಂದು ಬರೆದುಬಿಡುವುದುಂಟು. ಮುರಿದ ಜಾಗದ ಸುತ್ತ ರಕ್ತ ಇಳಿದಿಲ್ಲದಿದ್ದರೆ ಸಾವಿಗೆ ಮುಂಚಿನದು ಎನ್ನುವ ಧೈರ್ಯ ನಾನು ಮಾಡುವುದಿಲ್ಲ.

ಬಾವಿ, ಕುಂಟೆ, ಕೃಷಿ ಹೊಂಡದ ಸಾವಿಗೆ ಪುಸ್ತಕದ ವರ್ಣನೆ ಪೂರ್ತಿ ಹೊಂದುವುದಿಲ್ಲ. ಕೈಯಲ್ಲಿ ಹುಲ್ಲು, ಉಗುರಲ್ಲಿ ಮಣ್ಣು ಎಂದು ಓದಿರುತ್ತೇವೆ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ಅಂಗೈ ಚರ್ಮ ಸುಕ್ಕುಗಟ್ಟಿರುವುದು ನೀರಿನಲ್ಲಿತ್ತು ಎಂದಷ್ಟೇ ಹೇಳುತ್ತದೆ, ಮುಳುಗಿ ಸತ್ತದ್ದಕ್ಕೆ ಅದು ಸಾಕ್ಷಿಯಲ್ಲ. ಮೂಗು ಬಾಯಿಯ ನೊರೆ ಕೀಟನಾಶಕ ಕುಡಿದವರಲ್ಲೂ ಬರುತ್ತದೆ, ಆದ್ದರಿಂದ ನೀರಿನಿಂದ ತೆಗೆದ ದೇಹಕ್ಕೂ ವಿಸೆರಾ (ವಿಷ ಪರೀಕ್ಷೆಗೆ ತೆಗೆದ ಒಳ ಅಂಗಗಳು) ಇಡುತ್ತೇನೆ. ಡಯಾಟಮ್ (ನೀರಿನ ಸೂಕ್ಷ್ಮ ಪಾಚಿ) ಪರೀಕ್ಷೆಗೆ ತೊಡೆಮೂಳೆ ಕಳಿಸುವಾಗ ಅದೇ ಹೊಂಡದ ನೀರಿನ ಮಾದರಿ ಜೊತೆಗಿಲ್ಲದಿದ್ದರೆ ಹೋಲಿಸಲು ಏನೂ ಇರದು.

ಇನ್ನು ವಿಷ. ಟೊಮೆಟೊ, ಹಿಪ್ಪುನೇರಳೆ, ದ್ರಾಕ್ಷಿ ಬೆಳೆಯುವ ಜಿಲ್ಲೆಗಳಲ್ಲಿ 'ಔಷಧಿ ಕುಡಿದಿದ್ದಾರೆ' ಎಂಬ ಕೇಸು ತಪ್ಪುವುದಿಲ್ಲ. ಓದಲು ವಿ.ವಿ. ಪಿಳ್ಳೈ ಅವರ 'ಮಾಡರ್ನ್ ಮೆಡಿಕಲ್ ಟಾಕ್ಸಿಕಾಲಜಿ' ಸಾಕು, ಅದರಲ್ಲೂ ಆರ್ಗನೊಫಾಸ್ಫರಸ್ ಮತ್ತು ಕಾರ್ಬಮೇಟ್ ಕೀಟನಾಶಕಗಳು, ಪ್ಯಾರಾಕ್ವಾಟ್ ಕಳೆನಾಶಕ, ಅಲ್ಯೂಮಿನಿಯಂ ಫಾಸ್ಫೈಡ್ ನಾಲ್ಕು ಭಾಗ ಗಟ್ಟಿಯಾದರೆ ಮುಕ್ಕಾಲು ಕೆಲಸ ಆದಂತೆ. ಆದರೆ ವಿಷದ ಕೇಸು ಕೆಡುವುದು ಓದಿನ ಕೊರತೆಗಿಂತ ಅಂಗಗಳನ್ನು ಪರೀಕ್ಷೆಗೆ ಕಳಿಸುವ ಬಾಟಲಿಯಲ್ಲಿ, ಆದ್ದರಿಂದ ಮಾಡುವ ಕ್ರಮವನ್ನೇ ಬರೆಯುತ್ತೇನೆ.

ಜಠರದ ಎರಡೂ ತುದಿಗೆ ಜೋಡಿ ದಾರ ಕಟ್ಟಿ, ನಡುವೆ ಕತ್ತರಿಸಿ ಹೊರತೆಗೆದು, ಶುಭ್ರ ಟ್ರೇನಲ್ಲಿ ತೆರೆಯಬೇಕು. ವಾಸನೆ, ಬಣ್ಣ, ಒಳಪದರದ ಸ್ಥಿತಿ ಅಲ್ಲೇ ಬರೆದುಕೊಳ್ಳಬೇಕು. ಆಮೇಲೆ ನೆನಪಿನಿಂದ ಬರೆದ ವಾಸನೆ ನ್ಯಾಯಾಲಯದಲ್ಲಿ ನಿಲ್ಲದು. ಮೊದಲ ಬಾಟಲಿಗೆ ಜಠರ ಅದರ ಪದಾರ್ಥದೊಂದಿಗೆ, ಸಣ್ಣಕರುಳಿನ ಮೇಲ್ಭಾಗದ 30 ಸೆಂ.ಮೀ. ಒಳಗಿರುವುದರೊಂದಿಗೆ. ಎರಡನೆಯದಕ್ಕೆ ಪಿತ್ತಕೋಶ ಸಮೇತ 500 ಗ್ರಾಂ ಯಕೃತ್ತು, ಎರಡೂ ಮೂತ್ರಪಿಂಡಗಳ ಅರ್ಧರ್ಧ. ಯಕೃತ್ತನ್ನು ಹೋಳು ಮಾಡಿ, ಕರುಳನ್ನು ಸೀಳಿ ಹಾಕಬೇಕು. ಇಡಿಯಾಗಿ ಹಾಕಿದರೆ ಕೆಡದಂತೆ ತುಂಬುವ ಉಪ್ಪುನೀರು ಒಳಗೆ ಇಳಿಯದೆ ನಡುವೆ ಕೊಳೆಯುತ್ತದೆ. ಮೂರನೆಯದು ರಕ್ತ, 10 ಮಿ.ಲೀ., ತೊಡೆಯ ಅಭಿಧಮನಿಯಿಂದ. ಹೃದಯದಿಂದಲೋ ಎದೆಗೂಡಿನಲ್ಲಿ ನಿಂತದ್ದನ್ನೋ ತೆಗೆದರೆ ಪಕ್ಕದ ಅಂಗಗಳಿಂದ ಸೋರಿದ ವಿಷ, ಮದ್ಯ ಸೇರಿ ಪ್ರಮಾಣ ಹೆಚ್ಚು ತೋರಿಸುತ್ತದೆ. ರಕ್ತಕ್ಕೆ ಪ್ರತಿ ಮಿ.ಲೀ.ಗೆ 10 ಮಿ.ಗ್ರಾಂ ಸೋಡಿಯಂ ಫ್ಲೋರೈಡ್ ಬೇಕು. ಸಕ್ಕರೆ ಪರೀಕ್ಷೆಯ ಬೂದು ಮುಚ್ಚಳದ ಟ್ಯೂಬಿನಲ್ಲಿ ಫ್ಲೋರೈಡ್ ಇರುವುದು ನಿಜ, ಶವದ ರಕ್ತಕ್ಕೆ ಅಷ್ಟು ಸಾಲದು. ನಾಲ್ಕನೆಯದು ಬಳಸಿದ ಸಂರಕ್ಷಕ ದ್ರವದ್ದೇ ಮಾದರಿ. ಬಹಳ ಕಡೆ ಮರೆಯುವುದು ಇದನ್ನೇ. 'ವಿಷ ನಿಮ್ಮ ಉಪ್ಪಿನಲ್ಲೇ ಇತ್ತಲ್ಲ' ಎಂದು ವಕೀಲರು ಕೇಳಿದಾಗ ಉತ್ತರ ಆ ಬಾಟಲಿಯಲ್ಲಿರುತ್ತದೆ.

ಸಂರಕ್ಷಕಕ್ಕೆ ಅಡುಗೆ ಉಪ್ಪಿನ ಪರ್ಯಾಪ್ತ ದ್ರಾವಣ ಸಾಕು. ಲೀಟರ್ ನೀರಿಗೆ ಸುಮಾರು 360 ಗ್ರಾಂ ಕರಗುತ್ತದೆ. ತೂಗಲು ಆಗದಿದ್ದರೆ ಕಲಕಿದ ಮೇಲೂ ತಳದಲ್ಲಿ ಉಪ್ಪು ಕರಗದೆ ಉಳಿಯುವವರೆಗೆ ಹಾಕಿ. ಒಂದು ಹಿಡಿ ಉಪ್ಪು ಎರಚಿ ಮುಚ್ಚಿದ ಬಾಟಲಿ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ತಲುಪುವಷ್ಟರಲ್ಲಿ ಕೊಳೆತಿರುತ್ತದೆ. ಆಮ್ಲ, ಕ್ಷಾರ ಕುಡಿದವರಿಗೆ ಉಪ್ಪಿನ ಬದಲು ರೆಕ್ಟಿಫೈಡ್ ಸ್ಪಿರಿಟ್ (ಮದ್ಯಸಾರ). ಮದ್ಯ, ಫೀನಾಲ್, ರಂಜಕದ ಅನುಮಾನವಿದ್ದರೆ ಸ್ಪಿರಿಟ್ ಮುಟ್ಟಬಾರದು. ಬಾಟಲಿ ಮೂರನೇ ಎರಡು ಭಾಗ ಮಾತ್ರ ತುಂಬಬೇಕು. ಕುತ್ತಿಗೆಯವರೆಗೆ ತುಂಬಿದ್ದು ಅನಿಲದ ಒತ್ತಡಕ್ಕೆ ಬಸ್ಸಿನಲ್ಲೇ ಮುಚ್ಚಳ ಹಾರಿಸುತ್ತದೆ. ಚೀಟಿಯಲ್ಲಿ ಪಿ.ಎಂ. ನಂಬರು, ಹೆಸರು, ಠಾಣೆ, ಯುಡಿಆರ್ (ಅಸಹಜ ಸಾವಿನ ವರದಿ) ಅಥವಾ ಅಪರಾಧ ಸಂಖ್ಯೆ, ಅಂಗ, ಸಂರಕ್ಷಕ, ತಾರೀಖು, ಸಹಿ. ಅರಗಿನ ಮುದ್ರೆಯ ಅಚ್ಚು ಬೇರೆ ಕಾಗದದಲ್ಲಿ, ಒಯ್ಯುವ ಕಾನ್‌ಸ್ಟೇಬಲ್ ಸಹಿ ನಮ್ಮ ರಿಜಿಸ್ಟರಿನಲ್ಲಿ.

ಕಾಳು ಕೆಡದಂತೆ ಇಡುವ ಮಾತ್ರೆ, ಅಲ್ಯೂಮಿನಿಯಂ ಫಾಸ್ಫೈಡ್, ಬೇರೆ ಎಚ್ಚರಿಕೆ ಕೇಳುತ್ತದೆ. ಜಠರ ತೆರೆದಾಗ ಹೊರಬರುವ ಫಾಸ್ಫಿನ್ ನಮಗೂ ವಿಷವೇ: ಕಿಟಕಿ ತೆರೆದು, ಫ್ಯಾನ್ ಹಾಕಿ, ಮುಖ ದೂರ ಇಟ್ಟು ಕೆಲಸ. ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಿದ ಫಿಲ್ಟರ್ ಕಾಗದ ಅನಿಲಕ್ಕೆ ಹಿಡಿದರೆ ಕಪ್ಪಾಗುತ್ತದೆ, ಆದರೆ ಕೊಳೆತ ದೇಹದ ಹೈಡ್ರೋಜನ್ ಸಲ್ಫೈಡ್‌ಗೂ ಕಪ್ಪಾಗುತ್ತದೆ. ಪ್ಯಾರಾಕ್ವಾಟ್ ಆದರೆ ಬಾಯಿಯ ಹುಣ್ಣು ನೋಡಿ. ಕೆಲವು ದಿನ ಬದುಕಿದ್ದರೆ ಶ್ವಾಸಕೋಶದ ತುಂಡನ್ನೂ ಇಡಬೇಕು.

ಪೆಥಾಲಜಿಗೆ (ರೋಗಶಾಸ್ತ್ರಕ್ಕೆ) ಬೇರೆ ದೊಡ್ಡ ಪುಸ್ತಕ ಬೇಡ, ಕಾಲೇಜಿನಲ್ಲಿ ಓದಿದ ರಾಬಿನ್ಸ್ ಪಠ್ಯಪುಸ್ತಕ ಇದ್ದರೆ ಹೃದಯ, ಶ್ವಾಸಕೋಶ, ಯಕೃತ್ತಿನ ಅಧ್ಯಾಯ ಸಾಕು. ಹಠಾತ್ ಸಾವಿನಲ್ಲಿ ಹೃದಯದ ರಕ್ತನಾಳಗಳನ್ನು ಉದ್ದಕ್ಕೆ ಸೀಳದೆ ಅಡ್ಡಕ್ಕೆ 3 ಮಿ.ಮೀ. ಅಂತರದಲ್ಲಿ ಕೊಯ್ಯಬೇಕು, ಉದ್ದಕ್ಕೆ ಸೀಳಿದರೆ ಹೆಪ್ಪು ಜರುಗಿಹೋಗುತ್ತದೆ. ಅನುಮಾನವಿದ್ದರೆ ಇಡೀ ಹೃದಯವನ್ನೇ ಶೇ. 10ರ ಫಾರ್ಮಲಿನ್‌ನಲ್ಲಿ ಕಳಿಸಿ: ಒಂದು ಪಾಲು ಅಂಗಡಿ ಫಾರ್ಮಲಿನ್, ಒಂಬತ್ತು ಪಾಲು ನೀರು, ಅಂಗದ ಹತ್ತು ಪಟ್ಟಾದರೂ ದ್ರವ. ಈ ಬಾಟಲಿ ಮತ್ತು ಎಫ್‌ಎಸ್‌ಎಲ್ ಬಾಟಲಿ ಅದಲುಬದಲಾದರೆ ಎರಡೂ ಕೆಟ್ಟಂತೆ.

ಕಾನೂನಿಗೆ ಮಾತ್ರ ಹೊಸ ಮುದ್ರಣವೇ ಬೇಕು. 2024ರ ಜುಲೈ 1ರಿಂದ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಪೊಲೀಸ್ ಮರಣ ತನಿಖೆಯ ಕಲಂ 174 ಹೋಗಿ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 194 ಬಂದಿದೆ, ಮ್ಯಾಜಿಸ್ಟ್ರೇಟ್ ವಿಚಾರಣೆಯ 176 ಈಗ 196, ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ತಜ್ಞರ ಅಭಿಪ್ರಾಯದ 45ನೇ ಕಲಂ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 39. ಹಳೆಯ ಕೇಸುಗಳ ಸಾಕ್ಷಿಗೆ ಹಳೆಯ ಸಂಖ್ಯೆಗಳೂ ಬೇಕಾಗುವುದರಿಂದ ಎರಡರ ಪಟ್ಟಿ ಮಾಡಿ ಶವಾಗಾರದ ಬಾಗಿಲಿಗೆ ಅಂಟಿಸಿಕೊಳ್ಳುವುದು ಒಳ್ಳೆಯದು. 1920ರಲ್ಲಿ ಮೊದಲು ಬಂದ ಜೆ.ಪಿ. ಮೋದಿಯವರ 'ಮೆಡಿಕಲ್ ಜೂರಿಸ್‌ಪ್ರುಡೆನ್ಸ್' ಈಗಲೂ ಓದಬೇಕೇ ಎಂದು ಕೇಳುವವರಿದ್ದಾರೆ. ಶವಾಗಾರಕ್ಕಿಂತ ನ್ಯಾಯಾಲಯಕ್ಕೆ ಅದು ಬೇಕು. ಎದುರು ವಕೀಲರ ಮೇಜಿನ ಮೇಲಿರುವುದು ಅದೇ. ಸಮನ್ಸ್ ಬಂದ ಮೇಲೆ ಆ ಗಾಯದ, ಆ ವಿಷದ ಭಾಗವನ್ನಷ್ಟೇ ನನ್ನ ವರದಿಯ ಪಕ್ಕ ಇಟ್ಟು ಓದುತ್ತೇನೆ. ಪುಸ್ತಕದಿಂದ ಒಂದು ವಾಕ್ಯ ಓದಿ ಒಪ್ಪುತ್ತೀರಾ ಎಂದರೆ, ಪುಟ ನನ್ನ ಕೈಗೆ ಕೊಡಿ, ಹಿಂದುಮುಂದಿನ ಸಾಲು ನೋಡಿ ಹೇಳುತ್ತೇನೆ ಎನ್ನುವ ಹಕ್ಕು ಸಾಕ್ಷಿಗಿದೆ. ಜರ್ನಲ್ ಆಫ್ ಇಂಡಿಯನ್ ಅಕಾಡೆಮಿ ಆಫ್ ಫೊರೆನ್ಸಿಕ್ ಮೆಡಿಸಿನ್‌ನ ಲೇಖನಗಳಲ್ಲಿ ನಮ್ಮ ಹವೆ, ನಮ್ಮ ವಿಷಗಳ ಕೇಸುಗಳೇ ಇರುವುದರಿಂದ ಆಗಾಗ ತಿರುವಿಹಾಕಬೇಕು.

ಕೊನೆಯದು ಅಂತಿಮ ಅಭಿಪ್ರಾಯ. ಎಫ್‌ಎಸ್‌ಎಲ್‌ನಿಂದ 'ವಿಷ ಪತ್ತೆಯಾಗಿಲ್ಲ' ಎಂದು ಬಂದ ಕೂಡಲೇ 'ವಿಷದಿಂದ ಸಾವಲ್ಲ' ಎಂದು ಬರೆದುಬಿಡುವುದು ಸುಲಭ, ಆದರೆ ತಪ್ಪು. ಐದಾರು ದಿನ ಐಸಿಯುನಲ್ಲಿ ಅಟ್ರೋಪಿನ್ (ಕೀಟನಾಶಕದ ವಿಷಕ್ಕೆ ಕೊಡುವ ಮದ್ದು) ಮೇಲಿದ್ದವರಲ್ಲಿ ಜಠರ ತೊಳೆದಿರುತ್ತಾರೆ, ಉಳಿದದ್ದನ್ನು ದೇಹ ಒಡೆದು ಹೊರಹಾಕಿರುತ್ತದೆ. ಅಂಥ ಕೇಸಿನಲ್ಲಿ ಸೇರಿಸಿಕೊಂಡ ದಿನ ತೊಳೆದು ತೆಗೆದ ದ್ರವ, ಮೊದಲ ರಕ್ತದ ಮಾದರಿಯೇ ಮುಖ್ಯ. ಕ್ಯಾಶುವಾಲ್ಟಿಯಲ್ಲಿರುವವರಿಗೆ ಅದನ್ನು ಎತ್ತಿಡಲು ಹೇಳಿಡಬೇಕು. ಕೋಲಿನೆಸ್ಟರೇಸ್ (ಈ ವಿಷಕ್ಕೆ ಕುಗ್ಗುವ ರಕ್ತದ ಕಿಣ್ವ) ವರದಿ, ಕೇಸ್ ಶೀಟಿನ ಲಕ್ಷಣ, ಸ್ಥಳದಲ್ಲಿ ಸಿಕ್ಕ ಡಬ್ಬಿ, ಪಿ.ಎಂ. ಕಂಡದ್ದು ಎಲ್ಲವನ್ನೂ ಒಟ್ಟಿಗಿಟ್ಟು, 'ರಾಸಾಯನಿಕ ಪರೀಕ್ಷೆಯಲ್ಲಿ ವಿಷ ಕಂಡಿಲ್ಲ. ಚಿಕಿತ್ಸಾ ದಾಖಲೆ ಮತ್ತು ಶವಪರೀಕ್ಷೆಯ ಆಧಾರದಲ್ಲಿ ಆರ್ಗನೊಫಾಸ್ಫರಸ್ ವಿಷದ ತೊಡಕುಗಳಿಂದ ಸಾವು ಸಂಭವಿಸಿರಬಹುದು' ಎಂದು ಬರೆಯುತ್ತೇನೆ. ಅಷ್ಟು ಆಧಾರ ಇಲ್ಲದಿದ್ದರೆ ಸಾವಿನ ಕಾರಣ ನಿರ್ಧರಿಸಲಾಗಿಲ್ಲ ಎಂದೇ ಬರೆದು, ಯಾವ ದಾಖಲೆ ಸಿಗಲಿಲ್ಲ ಎಂಬುದನ್ನೂ ಅದರ ಕೆಳಗೆ ಹೆಸರಿಸುತ್ತೇನೆ.