ಬಿಸಿನೆಸ್ ಪೇಪರ್ ಹಾಕಿಸಬೇಕಾ? ಮೊದಲು ರದ್ದಿ ತೆಗೆದು ನೋಡಿ

ಏಪ್ರಿಲ್ ಒಂದು ಬಂತೆಂದರೆ ಕೆಲವರಿಗೆ ಒಂದು ಹುಮ್ಮಸ್ಸು. ಈ ವರ್ಷದಿಂದ ದಿನಾ ಬಿಸಿನೆಸ್ ಪೇಪರ್ ಓದಬೇಕು! ನನಗೂ ಒಮ್ಮೆ ಬಂದಿತ್ತು. ಒಂದೇ ಸಲಕ್ಕೆ ವರ್ಷದ ಚಂದಾ ಕಟ್ಟಿಬಿಟ್ಟೆ. ಮೊದಲ ತಿಂಗಳು ಕಾಫಿ ಜೊತೆ ಓದಿದ್ದೂ ಹೌದು. ಮೂರನೇ ತಿಂಗಳಿಗೆ ರಬ್ಬರ್ ಬ್ಯಾಂಡ್ ಕೂಡ ಬಿಚ್ಚದ ಪೇಪರ್‌ಗಳು ಚಪ್ಪಲಿ ಸ್ಟ್ಯಾಂಡ್ ಮೇಲೆ ಗುಡ್ಡೆ ಬಿದ್ದವು. ತೂಕ ಹಾಕುತ್ತಿದ್ದ ರದ್ದಿಯವರು "ಇವು ಇನ್ನೂ ಹೊಸವಲ್ವಾ?" ಎಂದು ಕೇಳಿದಾಗ ಮುಖ ಎಲ್ಲಿಡುವುದು ಗೊತ್ತಾಗಲಿಲ್ಲ.

ನಿಮಗೆ ಹಾಗಾಗಬಾರದು ಎಂದಿದ್ದರೆ ದುಡ್ಡು ಕಟ್ಟುವ ಮೊದಲು ಎರಡು ಮೂರು ವಾರ ಕೊಡಿ.

ಒಂದು ಚೀಟಿ ಬರೆಯಿರಿ

ಪೇಪರ್ ಓದಿ ನೀವು ಯಾವ ತೀರ್ಮಾನ ಮಾಡಬೇಕು? ಅದನ್ನು ಒಂದು ಸಾಲಿನಲ್ಲಿ ಬರೆಯಿರಿ. "ಜ್ಞಾನ ಜಾಸ್ತಿಯಾಗಲಿ" ಎಂಬುದು ಲೆಕ್ಕಕ್ಕಿಲ್ಲ. ಕೈಯಲ್ಲಿರುವ ಕೆಲಸ ಬರೆಯಬೇಕು.

ಚಿಕ್ಕಮಗಳೂರಿನ ಒಬ್ಬ ಕಾಫಿ ಬೆಳೆಗಾರರನ್ನು ತೆಗೆದುಕೊಳ್ಳಿ. ಪಾರ್ಚ್‌ಮೆಂಟ್ (ಒಳಸಿಪ್ಪೆ ಸಮೇತ ಒಣಗಿಸಿದ ಕಾಫಿ ಬೀಜ) ಈಗಲೇ ಮಾರಬೇಕಾ, ಇನ್ನೊಂದು ತಿಂಗಳು ಗೋದಾಮಿನಲ್ಲಿ ಇಡಬೇಕಾ ಎಂಬುದು ಅವರ ಚೀಟಿ. ನಮ್ಮ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ. ಅರೇಬಿಕಾ ಬೆಲೆಗೆ ನ್ಯೂಯಾರ್ಕಿನ ವಾಯಿದಾ ಮಾರುಕಟ್ಟೆ (ಮುಂದೆ ಕೊಡುವ ಸರಕಿಗೆ ಈಗಲೇ ಬೆಲೆ ಕುದುರಿಸುವ ಪೇಟೆ) ದಿಕ್ಕು ತೋರಿಸುತ್ತದೆ, ರೊಬಸ್ಟಾಗೆ ಲಂಡನ್. ಬ್ರೆಜಿಲ್‌ನಲ್ಲಿ ಬರ ಬಂತಾ, ವಿಯೆಟ್ನಾಂನಲ್ಲಿ ಬೆಳೆ ಹೇಗಿದೆ, ಡಾಲರ್ ಎದುರು ರೂಪಾಯಿ ಎಷ್ಟಾಯಿತು ಎಂಬುದೆಲ್ಲ ಇವರ ಮೂಟೆಗೆ ನೇರವಾಗಿ ತಾಗುತ್ತದೆ. ಇವರಿಗೆ ಬಿಸಿನೆಸ್ ಪೇಪರ್ ಕೆಲಸಕ್ಕೆ ಬರಬಹುದು.

ಇನ್ನು ಸಾಗರದ ಅಡಿಕೆ ಬೆಳೆಗಾರರು. ರಾಶಿ, ಬೆಟ್ಟೆ, ಚಾಲಿ ಎಂಬ ಅಡಿಕೆ ಬಗೆಗಳ ಧಾರಣೆ ಕನ್ನಡ ಪತ್ರಿಕೆಯಲ್ಲೇ ಬರುತ್ತದೆ. ಎಪಿಎಂಸಿಯಲ್ಲಿ ಸಿಗುತ್ತದೆ, ಮೊಬೈಲ್‌ಗೂ ಬರುತ್ತದೆ. ಬರೀ ಧಾರಣೆಗೋಸ್ಕರ ಇಂಗ್ಲಿಷ್ ಬಿಸಿನೆಸ್ ಪೇಪರ್ ಹಾಕಿಸಿದರೆ ಸುಮ್ನೆ ಖರ್ಚು.

ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ಇರುವವರಿಗೆ ಉಕ್ಕಿನ ಬೆಲೆ, ಜಿಎಸ್‌ಟಿ ಬದಲಾವಣೆ ಮುಖ್ಯ. ಬ್ಯಾಂಕ್ ಪರೀಕ್ಷೆಗೆ ಓದುವ ಹುಡುಗಿಗೆ ಪರೀಕ್ಷೆ ಮುಗಿಯುವವರೆಗೆ ಮಾತ್ರ ಬೇಕು. ತಿಂಗಳಿಗೆ ಎರಡು ಸಾವಿರ ಎಸ್‌ಐಪಿ (ಮ್ಯೂಚುವಲ್ ಫಂಡಿನ ತಿಂಗಳ ಕಂತು) ಕಟ್ಟಿ ಹತ್ತು ವರ್ಷ ಮುಟ್ಟುವುದಿಲ್ಲ ಎನ್ನುವವರು ದಿನಾ ಷೇರು ಪುಟ ನೋಡಿದರೆ ಲಾಭಕ್ಕಿಂತ ತಳಮಳವೇ ಜಾಸ್ತಿ. ಚೀಟಿಯಲ್ಲಿ ಬರೆಯಲು ಏನೂ ಹೊಳೆಯಲಿಲ್ಲವಾ? ಮುಂದಿನ ಹೆಜ್ಜೆಗಳು ನಿಮಗೆ ಬೇಕಿಲ್ಲ.

ಹಳೇ ಪೇಪರ್ ಓದಿ

ಇದು ನನ್ನ ಮೆಚ್ಚಿನ ಪರೀಕ್ಷೆ. ಬಿಸಿನೆಸ್ ಪೇಪರ್ ತರಿಸುವ ಆಫೀಸೋ, ಆಡಿಟರೋ, ಪಕ್ಕದ ಮನೆಯವರೋ ಇದ್ದೇ ಇರುತ್ತಾರೆ. ಒಂದು ತಿಂಗಳ ಹಿಂದಿನ ನಾಲ್ಕೈದು ಪೇಪರ್ ಕೇಳಿ ತನ್ನಿ. ಕೂತು ಓದಿ. ಈಗಲೂ ಉಪಯೋಗಕ್ಕೆ ಬರುವ ಸುದ್ದಿಗೆ ಪೆನ್ಸಿಲ್‌ನಲ್ಲಿ ರೈಟ್ ಮಾರ್ಕ್ ಹಾಕಿ. ಸತ್ತುಹೋದ ಸುದ್ದಿಗೆ ಅಡ್ಡಗೆರೆ.

ಸೆನ್ಸೆಕ್ಸ್ ಇಷ್ಟು ಏರಿತು, ಅಷ್ಟು ಇಳಿಯಿತು ಎಂಬುದೆಲ್ಲ ಅಡ್ಡಗೆರೆಗೆ ಹೋಗುತ್ತದೆ. ನಿಜ ಹೇಳಬೇಕೆಂದರೆ ಅವು ಬಂದ ದಿನವೇ ಹಳಸಿರುತ್ತವೆ. ಷೇರುಪೇಟೆ ಮಧ್ಯಾಹ್ನ 3.30ಕ್ಕೆ ಮುಚ್ಚುತ್ತದೆ. ಆ ದರ ನಿಮ್ಮ ಬಾಗಿಲಿಗೆ ಬೀಳುವುದು ಮರುದಿನ ಬೆಳಿಗ್ಗೆ. ಅಷ್ಟರಲ್ಲಿ ಮೊಬೈಲ್‌ನಲ್ಲಿ ಬಿಟ್ಟಿಯಾಗಿ ನೋಡಿರುತ್ತೀರಿ. ಆದರೆ ಒಂದು ಕಂಪನಿ ಯಾಕೆ ಸಾಲದಲ್ಲಿ ಸಿಕ್ಕಿಕೊಂಡಿತು, ಹೊಸ ತೆರಿಗೆ ನಿಯಮ ಯಾರಿಗೆ ಹೇಗೆ ತಾಗುತ್ತದೆ ಎಂಬ ಬರಹಗಳು ತಿಂಗಳಾದರೂ ಬಾಡುವುದಿಲ್ಲ. ನೀವು ಆಸೆಯಿಂದ ಓದಿದ್ದು ಇವನ್ನೇ ಆದರೆ ಚಂದಾಕ್ಕೆ ಅರ್ಥವಿದೆ. ಕಣ್ಣು ಬರೀ ಅಡ್ಡಗೆರೆಯ ಸುದ್ದಿಗೇ ಓಡಿತಾ? ಮೊಬೈಲ್ ಸಾಕು.

ಬಿಟ್ಟಿ ಸಿಗುವುದನ್ನು ಕಳೆಯಿರಿ

ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿಗಳು ಮೂರು ತಿಂಗಳ ಲೆಕ್ಕವನ್ನು ಅವಧಿ ಮುಗಿದ 45 ದಿನದೊಳಗೆ ಷೇರುಪೇಟೆಗೆ ಕೊಡಬೇಕು. ವರ್ಷದ ಲೆಕ್ಕಕ್ಕೆ 60 ದಿನ. ಅದು ಬಿಎಸ್‌ಇ, ಎನ್‌ಎಸ್‌ಇ ವೆಬ್‌ಸೈಟಿನಲ್ಲಿ ಎಲ್ಲರಿಗೂ ಸಿಗುತ್ತದೆ. ಫೆಬ್ರುವರಿ 1ರ ಬಜೆಟ್ ಭಾಷಣ, ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಹೇಳಿಕೆ, ಇವಕ್ಕೂ ಕಾಸು ಕೊಡಬೇಕಿಲ್ಲ.

ಹಾಗಾದರೆ ಪೇಪರ್‌ನವರು ಮಾರುವುದೇನು? 2025ನ್ನೇ ನೋಡಿ. ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಫೆಬ್ರುವರಿಯಲ್ಲಿ ಶೇ 6.50ರಿಂದ 6.25ಕ್ಕೆ ಇಳಿಯಿತು. ಏಪ್ರಿಲ್‌ನಲ್ಲಿ 6 ಆಯಿತು, ಜೂನ್‌ನಲ್ಲಿ 5.50. ಈ ಸಂಖ್ಯೆ ಟಿವಿಯಲ್ಲಿ ಅದೇ ಬೆಳಿಗ್ಗೆ ಬಂತು. ಆದರೆ ಮಾರ್ಚ್‌ನಲ್ಲಿ ಎಫ್‌ಡಿ ಮುಗಿದಿದ್ದ ನಿವೃತ್ತರೊಬ್ಬರಿಗೆ ಬೇಕಿದ್ದದ್ದು ಬೇರೆ: ಬಡ್ಡಿ ಇನ್ನೂ ಇಳಿಯಬಹುದಾ, ಹಣವನ್ನು ಒಂದು ವರ್ಷಕ್ಕೆ ಇಡುವುದಾ, ಐದು ವರ್ಷಕ್ಕೆ ಕಟ್ಟಿಹಾಕುವುದಾ? ಅದಕ್ಕೆ ನಾಲ್ಕು ಜನರ ವಾದ ಪಕ್ಕಪಕ್ಕ ಓದಬೇಕು. ಒಳ್ಳೆಯ ಪೇಪರ್ ಕೊಡುವುದು ಅದನ್ನು. ಅವರ ಊಹೆಯೂ ತಪ್ಪಬಹುದು, ಅದು ಬೇರೆ ಮಾತು.

ಊರಿನ ಸಾರ್ವಜನಿಕ ಗ್ರಂಥಾಲಯಕ್ಕೂ ಒಮ್ಮೆ ಹೋಗಿ ಕೇಳಿ. ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರ ಕಟ್ಟುತ್ತಲೇ ಇದ್ದೀರಿ. ಅಲ್ಲಿ ಪೇಪರ್ ಬರುವುದಾದರೆ ಕೂತು ಓದಿ ಬರಬಹುದಲ್ಲ.

ಎರಡು ವಾರ ಅಂಗಡಿಯಿಂದ ಕೊಳ್ಳಿ

ಇಷ್ಟಾದ ಮೇಲೂ ಬೇಕೆನಿಸಿದರೆ ಹನ್ನೆರಡು ಸಂಚಿಕೆ ಬಿಡಿಯಾಗಿ ಕೊಳ್ಳಿ. ಒಂದು ಎಚ್ಚರಿಕೆ: ಬಜೆಟ್ ವಾರದಲ್ಲಿ ಬೇಡ. ಆಗ ಎಲ್ಲರಿಗೂ ಓದುವ ಹುರುಪು ಇರುತ್ತದೆ. ಏನೂ ನಡೆಯದ ಸಪ್ಪೆ ವಾರವನ್ನೇ ಆರಿಸಿ. ದಿನವೂ ಪೇಪರ್‌ನ ಮೂಲೆಯಲ್ಲಿ ಓದಿದ ನಿಮಿಷ ಬರೆಯಿರಿ. ಚೀಟಿಯಲ್ಲಿದ್ದ ಕೆಲಸಕ್ಕೆ ಏನಾದರೂ ಸಿಕ್ಕಿದರೆ ಒಂದು ಚುಕ್ಕೆ ಇಡಿ. ಹನ್ನೆರಡರಲ್ಲಿ ಮೂರು ಚುಕ್ಕೆಯೂ ಬೀಳದಿದ್ದರೆ ನಾನಾದರೆ ಕೈಬಿಡುತ್ತೇನೆ.

ಪೇಪರ್ ಬದಲಿಸಿಯೂ ನೋಡಿ. ಎಕನಾಮಿಕ್ ಟೈಮ್ಸ್ ಮತ್ತು ಫೈನಾನ್ಶಿಯಲ್ ಎಕ್ಸ್‌ಪ್ರೆಸ್ 1961ರಿಂದ ಇವೆ. ಬಿಸಿನೆಸ್ ಸ್ಟ್ಯಾಂಡರ್ಡ್ 1975ರಲ್ಲಿ ಬಂತು, ಹಿಂದೂ ಬಳಗದ ಬಿಸಿನೆಸ್‌ಲೈನ್ 1994ರಲ್ಲಿ, ಮಿಂಟ್ 2007ರಲ್ಲಿ. ಕೃಷಿ ಸರಕಿನ ಸುದ್ದಿ ಬೇಕಾದವರು ಬಿಸಿನೆಸ್‌ಲೈನ್ ಮೊದಲು ನೋಡಲಿ. ಉಳಿದದ್ದು ನಿಮ್ಮ ರುಚಿಗೆ ಬಿಟ್ಟದ್ದು.

ಆಮೇಲೆ ಲೆಕ್ಕ. ಒಂದು ಸಂಚಿಕೆಗೆ 10 ರೂಪಾಯಿ ಅಂದುಕೊಳ್ಳೋಣ. ತಿಂಗಳಿಗೆ 26 ಸಂಚಿಕೆಯಾದರೆ 260, ವರ್ಷಕ್ಕೆ 3,120. ಇದು ಎಲ್ಲರ ಕಣ್ಣಿಗೂ ಬೀಳುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ವರ್ಷಕ್ಕೆ 156 ಗಂಟೆ ಹೋಗುವುದು ಮಾತ್ರ ಯಾರಿಗೂ ಕಾಣುವುದಿಲ್ಲ. ಆ ಹೊತ್ತು ಎಲ್ಲಿಂದ ತರುತ್ತೀರಿ? ಮನೆಯವರನ್ನೂ ಕೇಳಿ.

ಕಾಗದವಾ, ಮೊಬೈಲಾ?

ಬೆಂಗಳೂರಿನಲ್ಲಿ ಕಾಗದ ಬೆಳಿಗ್ಗೆಯೇ ಬರುತ್ತದೆ. ಸಣ್ಣ ಊರಾದರೆ ಎಷ್ಟು ಗಂಟೆಗೆ ಬರುತ್ತದೆ, ಒಂದೇ ಮನೆಗಾದರೂ ತಂದುಕೊಡುತ್ತೀರಾ ಎಂದು ಏಜೆಂಟರನ್ನು ಮೊದಲೇ ಕೇಳಿ. ವ್ಯಾಪಾರ ಮಾಡುವವರು ಬಿಲ್ ಇಟ್ಟುಕೊಳ್ಳಿ. ಖರ್ಚಿಗೆ ಹಾಕಬಹುದಾ ಎಂದು ಆಡಿಟರ್ ಹೇಳುತ್ತಾರೆ.

ಡಿಜಿಟಲ್ ಚಂದಾದಲ್ಲಿ ಮೊದಲ ವರ್ಷದ ರಿಯಾಯಿತಿ ನೋಡಿ ಮರುಳಾಗಬೇಡಿ. ಎರಡನೇ ವರ್ಷ ಎಷ್ಟು ಎಂಬುದನ್ನು ಸಣ್ಣ ಅಕ್ಷರದಲ್ಲಿ ಹುಡುಕಿ. ನನಗೆ ಒಂದು ಕಡೆ ರಿಯಾಯಿತಿ ಮುಗಿದದ್ದೇ ಗೊತ್ತಾಗಲಿಲ್ಲ, ಪೂರ್ತಿ ಮೊತ್ತ ಆಟೊಪೇನಲ್ಲಿ (ಒಮ್ಮೆ ಅನುಮತಿ ಕೊಟ್ಟರೆ ತಾನಾಗಿ ಹಣ ಹೋಗುವ ವ್ಯವಸ್ಥೆ) ಕಡಿತವಾಗಿತ್ತು. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೀಗೆ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಸಂದೇಶ ಬರಬೇಕು. ಬಂದಿತ್ತು ಕೂಡ. ಓದದವನು ನಾನೇ. ಹಾಗಾಗಿ ಚಂದಾ ಕಟ್ಟಿದ ದಿನವೇ ಯುಪಿಐ ಆ್ಯಪ್‌ನಲ್ಲಿ ಆಟೊಪೇ ವಿಭಾಗ ತೆರೆದು ಆ ಅನುಮತಿಯನ್ನು ರದ್ದು ಮಾಡಿಬಿಡಿ. ಬೇಕಾದರೆ ಮುಂದಿನ ವರ್ಷ ನೀವೇ ಕಟ್ಟಿದರಾಯಿತು.

ಕಾಗದದವರು ಮೊದಲು ತಿಂಗಳ ಲೆಕ್ಕದಲ್ಲಿ ಹಾಕಿಸಿಕೊಳ್ಳಿ. ನಿಲ್ಲಿಸಬೇಕೆಂದರೆ ತಿಂಗಳ 25ನೇ ತಾರೀಖಿನ ಹೊತ್ತಿಗೇ ಏಜೆಂಟರಿಗೆ ಹೇಳಿ. ಪೇಪರ್ ಹಾಕುವ ಹುಡುಗನಿಗೂ ಒಂದು ಮಾತು ಹೇಳಿ. ಇಲ್ಲವಾದರೆ ಅವನು ರೂಢಿಯಂತೆ ಎಸೆದು ಹೋಗುತ್ತಲೇ ಇರುತ್ತಾನೆ.