ಟ್ರಾಫಿಕ್‌ನಲ್ಲಿ ಕಾರು ಬಿಸಿಯಾಗುತ್ತಿದೆಯಾ? ರೇಡಿಯೇಟರ್ ಫ್ಯಾನ್ ಹೀಗೆ ಪರೀಕ್ಷಿಸಿ

ಒಂದು ಸಂಜೆ ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಹಾಕಿಕೊಂಡಿದ್ದೆ. ಟೆಂಪರೇಚರ್ ಮುಳ್ಳು ಮೆಲ್ಲಗೆ ಮೇಲೇರತೊಡಗಿತು, ಏಸಿ ಗಾಳಿ ಬೆಚ್ಚಗಾಯಿತು. ಹೇಗೋ ಜಂಕ್ಷನ್ ದಾಟಿ ಹೊಸೂರು ರಸ್ತೆಯಲ್ಲಿ ಸ್ವಲ್ಪ ಸರಾಗವಾಗಿ ಓಡಿಸಿದ್ದೇ ತಡ, ಮುಳ್ಳು ತಾನಾಗಿ ಕೆಳಗಿಳಿಯಿತು. ಮರುದಿನ ಗ್ಯಾರೇಜಿನಲ್ಲಿ ಫ್ಯಾನ್ ಮೋಟರ್ ಹೋಗಿದೆ ಎಂದರು, ಬದಲಾಯಿಸಿಕೊಂಡು ಬಂದೆ. ಎರಡು ವಾರಕ್ಕೆ ಮತ್ತೆ ಅದೇ ಕತೆ. ಕೊನೆಗೆ ಸಿಕ್ಕಿದ್ದು ಕನೆಕ್ಟರ್ ಒಳಗೆ ಕರಕಲಾಗಿದ್ದ ಒಂದೇ ಒಂದು ಪಿನ್. ಹಳೆ ಮೋಟರ್ ಚೆನ್ನಾಗಿಯೇ ಇತ್ತು.

ಅದಕ್ಕೇ ಹೇಳುತ್ತಿದ್ದೇನೆ, ಮೋಟರ್‌ಗೆ ದುಡ್ಡು ಹಾಕುವ ಮೊದಲು ಕರೆಂಟ್ ಎಲ್ಲಿಯವರೆಗೆ ಬಂದು ನಿಂತಿದೆ ಅಂತ ನೋಡಿ. ಇದಕ್ಕೆ ದೊಡ್ಡ ಸಲಕರಣೆ ಏನೂ ಬೇಡ. ಒಂದು ಮಲ್ಟಿಮೀಟರ್, ಎರಡು ವೈರ್ ಕಟ್ಟಿದ 12 ವೋಲ್ಟ್ ಇಂಡಿಕೇಟರ್ ಬಲ್ಬ್, ಒಂದಿಷ್ಟು ತಾಳ್ಮೆ, ಅಷ್ಟೇ.

ಮೊದಲು, ತೊಂದರೆ ನಿಜಕ್ಕೂ ಫ್ಯಾನ್‌ದೇನಾ? ನಿಂತಾಗ, ಆಮೆ ವೇಗದ ಟ್ರಾಫಿಕ್‌ನಲ್ಲಿ ಬಿಸಿಯಾಗಿ, ವೇಗವಾಗಿ ಓಡಿಸಿದಾಗ ಸರಿಹೋದರೆ ಅನುಮಾನ ಫ್ಯಾನ್ ಮೇಲೆ. ಏಕೆಂದರೆ ಗಾಡಿ 60ರಲ್ಲಿ ಓಡುವಾಗ ಎದುರುಗಾಳಿಯೇ ರೇಡಿಯೇಟರ್ ತಣಿಸುತ್ತದೆ, ಫ್ಯಾನ್ ಇರಲಿ ಬಿಡಲಿ. ಅದೇ ಹೈವೇಯಲ್ಲಿ 80, 90ರಲ್ಲಿ ಹೋಗುವಾಗಲೂ ಮುಳ್ಳು ಏರಿದರೆ ಕೂಲಂಟ್ ಕಡಿಮೆ ಇರಬಹುದು, ರೇಡಿಯೇಟರ್ ಕಟ್ಟಿರಬಹುದು, ಥರ್ಮೋಸ್ಟಾಟ್ ಅಥವಾ ವಾಟರ್ ಪಂಪ್ ಕೈಕೊಟ್ಟಿರಬಹುದು. ಅದು ಬೇರೆ ದಾರಿ.

ಕೂಲಂಟ್ ಮಟ್ಟವನ್ನು ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗಲೇ ನೋಡಿ. ಬಿಸಿ ರೇಡಿಯೇಟರ್ ಮುಚ್ಚಳಕ್ಕೆ ಯಾವ ಕಾರಣಕ್ಕೂ ಕೈ ಹಾಕಬೇಡಿ. ಒಳಗಿನ ನೀರು ಒತ್ತಡದಲ್ಲಿರುವುದರಿಂದ 100 ಡಿಗ್ರಿ ದಾಟಿದರೂ ಕುದಿಯದೆ ಸುಮ್ನೆ ಇರುತ್ತದೆ, ಮುಚ್ಚಳ ತಿರುಗಿಸಿದ ಕ್ಷಣ ಕುದಿದು ಮುಖಕ್ಕೇ ಚಿಮ್ಮುತ್ತದೆ. ಇನ್ನೊಂದು ವಿಷಯ, ಕೂಲಂಟ್ ತೀರಾ ಕಡಿಮೆಯಾದರೆ ಸೆನ್ಸರ್ ನೀರಿನಲ್ಲಿ ಮುಳುಗಿರುವುದಿಲ್ಲ. ಆಗ ಅದಕ್ಕೆ ನಿಜವಾದ ಬಿಸಿ ಗೊತ್ತಾಗದೆ, ಎಲ್ಲ ಸರಿಯಿದ್ದರೂ ಫ್ಯಾನ್ ತಿರುಗದೇ ಹೋಗಬಹುದು.

ಈಗ ಏಸಿ ಪರೀಕ್ಷೆ. ಇಂಜಿನ್ ಆನ್ ಮಾಡಿ ಏಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಕೂಡಲೇ ಅಥವಾ ಸ್ವಲ್ಪ ಹೊತ್ತಿನಲ್ಲಿ ಫ್ಯಾನ್ ತಿರುಗಬೇಕು. ಏಸಿಗೆ ತಿರುಗುತ್ತದೆ, ಬಿಸಿಗೆ ಮಾತ್ರ ತಿರುಗಲ್ಲ ಅಂದರೆ ಮೋಟರ್ ಚೆನ್ನಾಗಿದೆ, ಸೆನ್ಸರ್ ಕಡೆ ನೋಡಬೇಕು. ಎರಡಕ್ಕೂ ತಿರುಗದಿದ್ದರೆ ಫ್ಯೂಸ್, ರಿಲೇ (ಫ್ಯಾನ್‌ಗೆ ಕರೆಂಟ್ ಬಿಡುವ ಸ್ವಿಚ್), ವೈರ್, ಮೋಟರ್ ಈ ಕ್ರಮದಲ್ಲಿ ಹೋಗಿ. ಬಾನೆಟ್ ಒಳಗೆ ಕೈ ಹಾಕುವಾಗ ಜೋಕೆ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಟ್ಟನೆ ಶುರುವಾಗುತ್ತದೆ. ಬ್ಲೇಡ್ ಮುಟ್ಟಬೇಕಾದರೆ ಮೊದಲು ಫ್ಯಾನ್ ಪ್ಲಗ್ ಕೀಳಿ. ಹೆಗಲ ಮೇಲಿನ ಟವೆಲ್, ವೇಲ್ ತೆಗೆದಿಡಿ.

ಫ್ಯೂಸ್ ಬಾನೆಟ್ ಒಳಗಿನ ಬಾಕ್ಸ್‌ನಲ್ಲಿ ಇರುತ್ತದೆ, ಯಾವುದು ಯಾವುದರದ್ದು ಅಂತ ಮುಚ್ಚಳದ ಒಳಬದಿಯಲ್ಲಿ ಚಿತ್ರ ಇರುತ್ತದೆ. ಫ್ಯಾನ್‌ಗೆ ಸಾಮಾನ್ಯವಾಗಿ 30 ಅಥವಾ 40 ಆಂಪ್ಸ್. ಸುಟ್ಟಿದ್ದರೆ ಅಷ್ಟೇ ಆಂಪ್ಸ್‌ನದ್ದು ಹಾಕಿ, ದೊಡ್ಡದು ಹಾಕಿದರೆ ಫ್ಯೂಸ್ ಬದಲು ವೈರ್ ಸುಡುತ್ತದೆ. ಹೊಸದೂ ತಕ್ಷಣ ಸುಟ್ಟರೆ ಎಲ್ಲೋ ಶಾರ್ಟ್ ಇದೆ, ಇಲ್ಲವೇ ಮೋಟರ್ ಜಾಮ್ ಆಗಿದೆ. ಪ್ಲಗ್ ಕಿತ್ತು ಬ್ಲೇಡನ್ನು ಬೆರಳಲ್ಲಿ ತಿರುಗಿಸಿ ನೋಡಿ, ಹಗುರವಾಗಿ ತಿರುಗಬೇಕು.

ರಿಲೇ ನೋಡುವುದಕ್ಕೆ ಸುಲಭ ದಾರಿ ಅದಲುಬದಲು. ಅದೇ ಬಾಕ್ಸ್‌ನಲ್ಲಿ ಹಾರ್ನ್ ರಿಲೇ ಇರುತ್ತದೆ. ಮೈಮೇಲಿನ ನಂಬರ್, ಪಿನ್‌ಗಳು ಒಂದೇ ಇದ್ದರೆ ಅದನ್ನು ಫ್ಯಾನ್ ಜಾಗಕ್ಕೆ ಹಾಕಿ. ಫ್ಯಾನ್ ತಿರುಗಿತಾ? ಹೊಸ ರಿಲೇ ತನ್ನಿ, ಕೆಲಸ ಮುಗಿಯಿತು. ಟಿಕ್ ಅಂತ ಸದ್ದು ಬರುತ್ತಿದೆ, ಹಾಗಾಗಿ ರಿಲೇ ಸರಿಯಿದೆ ಅಂತ ಮಾತ್ರ ತೀರ್ಮಾನ ಮಾಡಬೇಡಿ. ಟಿಕ್ ಅಂದರೂ ಒಳಗಿನ ಪಾಯಿಂಟ್ ಸುಟ್ಟಿದ್ದರೆ ಕರೆಂಟ್ ದಾಟುವುದಿಲ್ಲ.

ಇನ್ನು ಜಾಸ್ತಿ ಜನ ಎಡವುವ ಜಾಗ, ನಾನೂ ಎಡವಿದ ಜಾಗ, ಫ್ಯಾನ್ ಪ್ಲಗ್. ಅದನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿ. ನನ್ನದರಲ್ಲಿ ಬಿಳಿ ಪ್ಲಾಸ್ಟಿಕ್ ಒಂದು ಪಿನ್ ಸುತ್ತ ಮಾತ್ರ ಕಂದು ಬಣ್ಣಕ್ಕೆ ತಿರುಗಿ ಒಂದು ಚೂರು ಕರಗಿತ್ತು, ಪಿನ್ ಹೊಳಪು ಹೋಗಿ ಬೂದಿ ಬಳಿದ ಹಾಗೆ ಕಾಣುತ್ತಿತ್ತು. ಮಲ್ಟಿಮೀಟರ್ ಇಟ್ಟರೆ 12 ವೋಲ್ಟ್ ಸರಿಯಾಗಿಯೇ ತೋರಿಸಿತು! ಮೋಸ ಇರುವುದು ಇಲ್ಲೇ. ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ, ಅಷ್ಟನ್ನು ಕೆಟ್ಟ ಪಿನ್ನೂ ಕೊಡುತ್ತದೆ. ಮೋಟರ್ 10, 15 ಆಂಪ್ಸ್ ಕೇಳಿದಾಗ ಕೈ ಎತ್ತಿಬಿಡುತ್ತದೆ. ಅದಕ್ಕೆ ಬಲ್ಬ್ ಬೇಕು. ಏಸಿ ಹಾಕಿ, ಕಾರಿನ ಕಡೆಯ ಪ್ಲಗ್‌ಗೆ ಬಲ್ಬಿನ ಎರಡು ವೈರ್ ಕೊಡಿ. ಪ್ರಕಾಶವಾಗಿ ಉರಿದರೆ ಬಹುಮಟ್ಟಿಗೆ ಸರಿ. ಮಂಕಾಗಿ ಉರಿದರೆ ದಾರಿಯಲ್ಲಿ ಎಲ್ಲೋ ಕರೆಂಟ್‌ಗೆ ತಡೆ ಇದೆ. ಆಗ ಬಲ್ಬಿನ ಅರ್ಥ್ ಕಡೆಯ ವೈರನ್ನು ನೇರ ಬ್ಯಾಟರಿ ನೆಗೆಟಿವ್‌ಗೆ ಕೊಟ್ಟು ನೋಡಿ, ಬೆಳಕು ಹೆಚ್ಚಾದರೆ ಅರ್ಥ್ ವೈರ್ ಕೆಟ್ಟಿದೆ, ಬಾಡಿಗೆ ಅದನ್ನು ಬಿಗಿದಿರುವ ಬೋಲ್ಟ್ ಬಿಚ್ಚಿ ತುಕ್ಕು ಉಜ್ಜಿ ತೆಗೆಯಿರಿ. ಬಲ್ಬ್ ಚೆನ್ನಾಗಿ ಉರಿದೂ ಅನುಮಾನ ಹೋಗದಿದ್ದರೆ ಪ್ಲಗ್ ಹಾಕಿ ಫ್ಯಾನ್ ತಿರುಗುವಾಗಲೇ ಹಿಂಬದಿಯಿಂದ ವೋಲ್ಟೇಜ್ ನೋಡಿ. ಬ್ಯಾಟರಿಯಲ್ಲಿ 14, ಮೋಟರ್ ಹತ್ತಿರ 11 ಇದ್ದರೆ ಮೂರು ವೋಲ್ಟ್ ವೈರಿನಲ್ಲೇ ಸುಟ್ಟುಹೋಗುತ್ತಿದೆ ಅಂತ ಅರ್ಥ.

ಬೇಸ್‌ಮೆಂಟ್‌ನಲ್ಲಿ ನಿಲ್ಲಿಸುವವರು ವೈರ್‌ಗಳ ಉದ್ದಕ್ಕೂ ಒಮ್ಮೆ ಕಣ್ಣಾಡಿಸಿ, ಇಲಿ ಕಡಿದಿರುವುದು ತುಂಬಾ ಸಾಮಾನ್ಯ.

ಕೊನೆಗೆ ಮೋಟರ್. ಪ್ಲಗ್ ಕಿತ್ತು, ಮೋಟರ್‌ಗೆ ಬ್ಯಾಟರಿಯಿಂದ ನೇರ ದಪ್ಪ ವೈರ್ ಕೊಡಿ, ನಡುವೆ 30 ಆಂಪ್ಸ್ ಫ್ಯೂಸ್ ಇರಲಿ. ತಿರುಗದಿದ್ದರೆ ಮೋಟರ್ ಮೈಗೆ ಸ್ಪ್ಯಾನರ್ ಹಿಡಿಯಿಂದ ಮೆತ್ತಗೆ ತಟ್ಟಿ. ತಟ್ಟಿದ ಮೇಲೆ ತಿರುಗಿದರೆ ಕಾರ್ಬನ್ ಬ್ರಷ್ ಸವೆದಿದೆ. ಈಗ ಧೈರ್ಯವಾಗಿ ಮೋಟರ್ ಬದಲಾಯಿಸಿ. ಹೊಸದು ಹಾಕಿದ ಮೇಲೆ ರೇಡಿಯೇಟರ್ ಮುಂದೆ ತೆಳ್ಳಗಿನ ಕಾಗದ ಹಿಡಿಯಿರಿ. ಫ್ಯಾನ್ ರೇಡಿಯೇಟರ್ ಹಿಂದೆ ಇರುವ ಕಾರಿನಲ್ಲಿ ಕಾಗದ ಗ್ರಿಲ್ ಕಡೆ ಎಳೆದುಕೊಳ್ಳಬೇಕು. ಹೊರಗೆ ಹಾರಿದರೆ ವೈರ್ ಉಲ್ಟಾ ಆಗಿದೆ, ಗಾಳಿ ಹಿಂದುಮುಂದಾಗಿ ಹೋಗುತ್ತಿದೆ.

ಸೆನ್ಸರ್ ಪರೀಕ್ಷೆಗೆ ಒಬಿಡಿ ಡಾಂಗಲ್ (ಕಾರಿನ ಡಯಾಗ್ನೋಸ್ಟಿಕ್ ಪೋರ್ಟ್‌ಗೆ ಸಿಕ್ಕಿಸುವ ಪುಟ್ಟ ಸಾಧನ) ಒಂದು ತೆಗೆದಿಟ್ಟುಕೊಳ್ಳಿ, ಫೋನಿನಲ್ಲೇ ಕೂಲಂಟ್ ಬಿಸಿ ಕಾಣುತ್ತದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಅದು ಹೊರಗಿನ ತಾಪಮಾನದಷ್ಟೇ ತೋರಿಸಬೇಕು. ಕಾರು ಬಿಸಿಯಾಗಿ 105 ದಾಟಿದೆ ಅಂತ ಫೋನ್ ಹೇಳುತ್ತಿದ್ದರೂ ಫ್ಯಾನ್‌ಗೆ ಆಜ್ಞೆ ಹೋಗದಿದ್ದರೆ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕಡೆ ತೊಂದರೆ, ಅಲ್ಲಿಂದ ಮುಂದೆ ಒಳ್ಳೆ ಆಟೋ ಎಲೆಕ್ಟ್ರಿಷಿಯನ್ ಬೇಕು. ಕೂಲಂಟ್ ಕುದಿಯುವಷ್ಟು ಬಿಸಿಯಿದ್ದರೂ ಫೋನ್ 60 ಅಂತಿದ್ದರೆ ಸೆನ್ಸರ್ರೇ ಸುಳ್ಳು ಹೇಳುತ್ತಿದೆ.

ಉಲ್ಟಾ ಕೇಸ್‌ಗಳೂ ಇವೆ. ಫ್ಯಾನ್ ಯಾವಾಗಲೂ ತಿರುಗುತ್ತಲೇ ಇದ್ದರೆ ರಿಲೇ ಪಾಯಿಂಟ್ ಅಂಟಿಕೊಂಡಿರಬಹುದು, ಅಥವಾ ಸೆನ್ಸರ್ ಪ್ಲಗ್ ಕಳಚಿರಬಹುದು. ಸೆನ್ಸರ್ ಸಿಗದಿದ್ದಾಗ ಎಷ್ಟೋ ಕಾರುಗಳ ಇಸಿಯು ಇಂಜಿನ್ ಉಳಿಸಲು ಫ್ಯಾನನ್ನು ಓಡಿಸುತ್ತಲೇ ಇರುತ್ತದೆ. ಎರಡು ಸ್ಪೀಡ್ ಇರುವ ಕಾರಿನಲ್ಲಿ ಜೋರು ಮಾತ್ರ ಬರುತ್ತದೆ, ನಿಧಾನ ಬರಲ್ಲ ಅಂದರೆ ರೆಸಿಸ್ಟರ್ ಹೋಗಿರಬಹುದು.

ರಸ್ತೆಯಲ್ಲೇ ಮುಳ್ಳು ಏರಿದರೆ ಏಸಿ ಆಫ್ ಮಾಡಿ, ಹೀಟರ್ ಫುಲ್ ಇಟ್ಟು ಕಿಟಕಿ ಇಳಿಸಿ, ಬದಿಗೆ ಹೋಗಿ ನಿಲ್ಲಿಸಿ. ಸೆಕೆ ಆಗುತ್ತದೆ ನಿಜ, ಆದರೆ ಸಿಲಿಂಡರ್ ಹೆಡ್ ಬಾಗಿದರೆ ಆಗುವ ಖರ್ಚಿನ ಮುಂದೆ ಆ ಸೆಕೆ ಏನೂ ಅಲ್ಲ ಅಲ್ವಾ? ಬಿಸಿ ಇಂಜಿನ್ ಮೇಲೆ ತಣ್ಣೀರು ಮಾತ್ರ ಸುರಿಯಬೇಡಿ.

ರಿಪೇರಿ ಆದ ಮೇಲೆ ಹಾಗೇ ಬಾನೆಟ್ ಮುಚ್ಚಿ ಹೊರಡಬೇಡಿ. ಬಯಲಿನಲ್ಲಿ ನಿಲ್ಲಿಸಿ, ಏಸಿ ಆಫ್ ಮಾಡಿ ಇಂಜಿನ್ ಓಡಲು ಬಿಡಿ. 95ರಿಂದ 100ರ ಆಸುಪಾಸಿನಲ್ಲಿ ಫ್ಯಾನ್ ಶುರುವಾಗಿ, ಐದಾರು ಡಿಗ್ರಿ ಇಳಿದ ಮೇಲೆ ನಿಲ್ಲಬೇಕು. ಇದು ಎರಡು ಸಲ ಆಗುವವರೆಗೆ ಅಲ್ಲೇ ನಿಂತು ನೋಡಿ. ಆಮೇಲೆ ಇಂಜಿನ್ ಆಫ್ ಮಾಡಿ ಪ್ಲಗ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಪರವಾಗಿಲ್ಲ, ಬೆರಳಿಡಲಾಗದಷ್ಟು ಸುಡುತ್ತಿದ್ದರೆ ಆ ಪಿನ್ ಇನ್ನೂ ಸರಿಯಾಗಿಲ್ಲ.