ಆ ಹತ್ತು ಸೆಕೆಂಡಿಗೆ ಮೈ ಹುರಿಗೊಳಿಸುವುದು ಹೇಗೆ?

ಕರಾಟೆ ಕ್ಲಾಸಿನಲ್ಲಿ ಸಲೀಸಾಗಿ ಬರುವ ಪಟ್ಟನ್ನು ಮೂರು ಮಹಡಿ ಓಡಿ ಹತ್ತಿದ ಮೇಲೆ ಹಾಕಿ ನೋಡಿ. ಕೈ ಮೇಲೇಳುವುದಿಲ್ಲ, ಕಾಲು ತಡವರಿಸುತ್ತದೆ. ಸ್ನಾಯುಗಳಲ್ಲಿ ತಕ್ಷಣಕ್ಕೆ ಸಿಗುವ ಶಕ್ತಿ, ಮೈಯ ಬಲವನ್ನೆಲ್ಲ ಹಾಕಿದರೆ, ಸುಮಾರು 10 ಸೆಕೆಂಡಿಗೆ ಬರಿದಾಗುತ್ತದೆ. ಯಾರಾದರೂ ಮೇಲೆರಗಿ ಕೈ ಹಿಡಿದರೆ, ಅಷ್ಟರಲ್ಲಿ ಬಿಡಿಸಿಕೊಂಡು, ಬಿದ್ದಿದ್ದರೆ ಎದ್ದು, ಓಡಬೇಕು. ದಿನಾ ಮಾಡುವ ವಾಕಿಂಗ್ ಒಳ್ಳೆಯದೇ, ಆದರೆ ಇದಕ್ಕೆ ಸಾಲದು. ಕೆಳಗಿನ ಅಭ್ಯಾಸ ವಾರಕ್ಕೆ 3 ದಿನ, ಅರ್ಧ ಗಂಟೆ ಮಾಡಿದರೆ ಸಾಕು. ಬಿಪಿ, ಹೃದಯ, ಮಂಡಿಯ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕೇಳಿ.

ಮೊದಲು ಓಟ. 5 ನಿಮಿಷ ಚುರುಕಾಗಿ ನಡೆದು ಮೈ ಬಿಸಿಯಾಗಲಿ. ಇದನ್ನು ಬಿಟ್ಟವರಿಗೇ ತೊಡೆಯ ಹಿಂಭಾಗ ಹಿಡಿದುಕೊಳ್ಳುವುದು ಹೆಚ್ಚು. 10 ಸೆಕೆಂಡ್ ಓಡಿ, ಒಂದು ನಿಮಿಷ ನಡೆಯಿರಿ. ಹೀಗೆ 6 ಸಲ. ಮೊದಲ ಎರಡು ವಾರ ಮುಕ್ಕಾಲು ವೇಗ ಮೀರಬೇಡಿ. ನಡೆಯುವ ಹೊತ್ತು ಕಡಿಮೆ ಮಾಡಿದರೆ ಏದುಸಿರು ಬಂದು ಅದು ಬರೀ ಜಾಗಿಂಗ್ ಆಗಿಬಿಡುತ್ತದೆ. ತಿಂಗಳಾದ ಮೇಲೆ, ದಿನಾ ಹೊರಗೆ ಹಾಕುವ ಚಪ್ಪಲಿಯಲ್ಲೇ ನಿಧಾನವಾಗಿ ಓಡಿ ನೋಡಿ. ಜಾರುವುದು, ಕಿತ್ತುಹೋಗುವುದು ಅಲ್ಲೇ ಗೊತ್ತಾಗಲಿ.

ಕಾಲಿನ ಬಲಕ್ಕೆ ಗರಡಿಮನೆಯ ಬಸ್ಕಿಯೇ ಸಾಕು: 10ರಂತೆ 3 ಸುತ್ತು. ಹಿಡಿತಕ್ಕೆ ಎರಡೂ ಕೈಯಲ್ಲಿ ನೀರು ತುಂಬಿದ ಬಕೆಟ್ ಹಿಡಿದು 30 ಹೆಜ್ಜೆ, 3 ಸಲ. ಭುಜ ಕಿವಿಯತ್ತ ಏರುತ್ತಿದ್ದರೆ ನೀರು ಚೆಲ್ಲಿ ಕಡಿಮೆ ಮಾಡಿ.

ಮಣಿಕಟ್ಟು ಹಿಡಿದವರ ಕೈಯಲ್ಲಿ ಸಡಿಲ ಜಾಗ ಇರುವುದು ಅವರ ಹೆಬ್ಬೆರಳು ಮತ್ತು ಬೆರಳ ತುದಿಗಳು ಕೂಡುವ ಕಡೆ. ನಿಮ್ಮ ಮಣಿಕಟ್ಟಿನ ತೆಳು ಅಂಚನ್ನು ಆ ಸಂದಿಗೆ ತಿರುಗಿಸಿ, ಒಂದು ಹೆಜ್ಜೆ ಮುಂದಿಟ್ಟು, ಮೊಣಕೈಯನ್ನು ಅವರತ್ತ ಮಡಚಿ ಎಳೆಯಿರಿ. ಹೆಜ್ಜೆಯಿಡದೆ ಬರೀ ತೋಳಿನಲ್ಲಿ ಜಗ್ಗಿದರೆ ಬಲಶಾಲಿ ಎದುರು ನಡೆಯುವುದಿಲ್ಲ.

ಹೆಚ್ಚಿನವರು ಅಭ್ಯಾಸ ಮಾಡದೇ ಬಿಡುವುದು ಏಳುವುದನ್ನು. ಚಾಪೆಯ ಮೇಲೆ ಕೂತು ಬಲಗೈಯನ್ನು ಬೆನ್ನ ಹಿಂದೆ ನೆಲಕ್ಕೂರಿ. ಎಡಮಂಡಿ ಮಡಚಿ, ಎಡಪಾದ ಊರಿ. ಎಡಗೈ ಮುಖದ ಮುಂದಿರಲಿ. ಈಗ ಬಲಗೈ, ಎಡಪಾದದ ಮೇಲೆ ಭಾರ ಹಾಕಿ ಸೊಂಟ ಎತ್ತಿ, ಬಲಗಾಲನ್ನು ಸೊಂಟದಡಿಯಿಂದ ಹಿಂದಕ್ಕೆ ಎಳೆದುಕೊಂಡು ನಿಲ್ಲಿ. ಕಣ್ಣು ಎದುರಿಗೇ ಇರಬೇಕು. ನಾವೆಲ್ಲ ಸಾಮಾನ್ಯವಾಗಿ ಎರಡೂ ಕೈ ನೆಲಕ್ಕೂರಿ, ಎದುರಿನವನಿಗೆ ಬೆನ್ನು ತೋರಿಸಿ ಏಳುತ್ತೇವೆ. ಅಲ್ಲೇ ಮತ್ತೆ ಬೀಳುವುದು. ಸೊಂಟ ಮೇಲೇಳದಿದ್ದರೆ ಅಂಗೈ ಕೆಳಗೆ ಅಲುಗಾಡದ ಮಣೆಯೊಂದನ್ನು ಇಟ್ಟುಕೊಳ್ಳಿ. ಒಂದೊಂದು ಬದಿಗೆ 5 ಸಲ.

ಮೂರು ವಾರದ ನಂತರ ಎಲ್ಲವನ್ನೂ ಜೋಡಿಸಿ: ಕೂತಲ್ಲಿಂದ ಎದ್ದು, ಜೊತೆಗಾರರಿಂದ ಕೈ ಬಿಡಿಸಿಕೊಂಡು, 10 ಸೆಕೆಂಡ್ ಓಟ. ಕೈ ಬಿಡಿಸಿಕೊಳ್ಳುವಾಗ "ಬಿಡು!" ಎಂದು ಹೊಟ್ಟೆಯಿಂದ ಕೂಗಿ. ಗಾಬರಿಯಲ್ಲಿ ಉಸಿರು ಬಿಗಿಹಿಡಿಯುವುದು ಸಹಜ, ಕೂಗಿದರೆ ಉಸಿರು ತಾನೇ ಹೊರಬರುತ್ತದೆ. ಓಟ ಮುಗಿದೊಡನೆ ಫೋನ್ ತೆಗೆದು 112 ಒತ್ತಿ, ಕರೆ ಮಾತ್ರ ಮಾಡಬೇಡಿ. ನಡುಗುವ, ಬೆವೆತ ಬೆರಳಿಗೆ ಲಾಕ್ ತೆಗೆಯಲು ಎಷ್ಟು ಸಲ ಬೇಕಾಯಿತು, ಎಣಿಸಿ. ಎರಡಕ್ಕಿಂತ ಹೆಚ್ಚಾದರೆ ಫೋನಿನ ತುರ್ತು ಕರೆ ಸೆಟ್ಟಿಂಗ್ ಅನ್ನು ಅಂದೇ ಸರಿಮಾಡಿಕೊಳ್ಳಿ.